ಮಗಳ ಬಿಯರ್ ಹಬ್ಬಕ್ಕೆ ಹೋದ ದಿನ

ಮಗಳು ಫೋನ್ ಮಾಡಿದಾಗ ನಾನು ಅಂಗಡಿಯಲ್ಲಿ ಸುಟ್ಟುಹೋದ ಮೋಟಾರಿನ ವೈಂಡಿಂಗ್ ತಂತಿ ಬಿಚ್ಚುತ್ತ ಕೂತಿದ್ದೆ. ಸಿರುಗುಪ್ಪದಲ್ಲಿ ಪಂಪ್‌ಸೆಟ್ ರಿಪೇರಿ ನನ್ನ ಕಸುಬು.

"ಅಪ್ಪಾ, ಬರೋ ಭಾನುವಾರ ಬಳ್ಳಾರ್‍ಯಾಗ ಬಿಯರ್ ಹಬ್ಬ ಐತಿ. ಮೊದಲನೇ ಸಲ ಮಾಡಾಕತ್ತಾರ. ನಾ ಮಾಡಿದ್ದೂ ಇಡ್ತೀನಿ. ನೀ ಬರಬೇಕು."

ಕೈಯಲ್ಲಿದ್ದ ತಂತಿ ಕೆಳಗಿಟ್ಟೆ. ಅವಳೇ ಮತ್ತೆ ಅಂದಳು, "ಕುಡಿಯಾಕ ಅಲ್ಲ. ನನ್ನ ಕೆಲಸ ನೋಡಾಕ."

ನಾನು ಕುಡಿಯುವುದು ಬಿಟ್ಟು ಒಂಬತ್ತು ವರ್ಷವಾಗಿತ್ತು. ಅದಕ್ಕೂ ಮುಂಚೆ ಹೇಗೆ ಕುಡಿಯುತ್ತಿದ್ದೆ ಅನ್ನುವುದು ನಮ್ಮ ಓಣಿಗೆಲ್ಲ ಗೊತ್ತು. ಮಗಳಿಗೆ ಹನ್ನೊಂದು ವರ್ಷವಿದ್ದಾಗ ಕುಡಿದು ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ತೆಕ್ಕಲಕೋಟೆ ಹತ್ತಿರ ಕಾಲುವೆ ಏರಿಯಿಂದ ಕೆಳಗೆ ಬಿದ್ದೆ. ನನಗೆ ಏನೂ ಆಗಲಿಲ್ಲ. ಅವಳ ಬಲಗೈ ಮಣಿಕಟ್ಟು ಮುರಿಯಿತು. ಮರುದಿನವೇ ಬಿಟ್ಟೆ ಅಂತ ಬರೆದರೆ ಓದುವವರಿಗೆ ಸಮಾಧಾನವಾಗುತ್ತಿತ್ತು. ಬಿಡಲಿಲ್ಲ. ಹೆಂಡತಿ ಮಗಳನ್ನು ಕರೆದುಕೊಂಡು ಕುರುಗೋಡಿನ ತವರಿಗೆ ಹೋದಳು, ನಾನು ಹೋಗಿ ಕೈಮುಗಿದು ಕರೆತಂದೆ, ಮತ್ತೆ ಕುಡಿದೆ, ಅವಳು ಮತ್ತೆ ಹೋದಳು. ಬಿಡಲು ನಾಲ್ಕು ವರ್ಷ ಹಿಡಿಯಿತು.

ಅಂಥವನ ಮಗಳು ಬಯೋಟೆಕ್ನಾಲಜಿ ಓದಿ ಹೊಸಪೇಟೆಯಲ್ಲಿ ಬಿಯರ್ ತಯಾರಿಸುವ ಕೆಲಸಕ್ಕೆ ಸೇರಿದಳು. ಮೊದಲು ನಮಗೆ "ಫುಡ್ ಕಂಪನಿ" ಅಂದಿದ್ದಳು. ಒಂದು ಸಲ ಊರಿಗೆ ಬಂದು ಬಟ್ಟೆ ಒಗೆಯಲು ಹಾಕಿದಾಗ ಆ ರಾಶಿಯಿಂದ ಎದ್ದ ಹುಳಿ ವಾಸನೆ ನನ್ನ ಮೂಗಿಗೆ ಬಡಿಯಿತು. ಇಂಥ ವಿಷಯದಲ್ಲಿ ನನ್ನ ಮೂಗಿಗೆ ಮೋಸ ಮಾಡಲು ಆಗುವುದಿಲ್ಲ. ಕೇಳಿದೆ, ಹೇಳಿದಳು. ಅವತ್ತು ಹೆಂಡತಿ ಊಟ ಮಾಡಲಿಲ್ಲ.

ಹಬ್ಬದ ವಿಷಯ ಹೇಳಿದಾಗ ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು, "ನಿಮಗ ಹೋಗಬೇಕು ಅನಸ್ತೈತೇನು?"

"ಹೆದರಿಕಿ ಆಗ್ತೈತಿ."

"ನನಗೂ ಆಗ್ತೈತಿ. ಬಳ್ಳಾರಿ ಮಟ ಬರ್ತೀನಿ. ಅಲ್ಲಿಗೆ ಮಾತ್ರ ಬರಂಗಿಲ್ಲ."

ಭಾನುವಾರ ಬಸ್ಸಿನಲ್ಲಿ ಕಿಟಕಿ ಪಕ್ಕ ಅವಳು ಕೂತಳು. ತೆಕ್ಕಲಕೋಟೆಯ ಕಾಲುವೆ ಬಂದಾಗ ಕಿಟಕಿಯಿಂದ ಮುಖ ತಿರುಗಿಸಿ ಮಡಿಲಿನ ಚೀಲ ಸರಿಮಾಡಿಕೊಂಡಳು. ಬಳ್ಳಾರಿಯಲ್ಲಿ ಇಳಿದು ಸತ್ಯನಾರಾಯಣಪೇಟೆಯ ಅವಳ ಅಕ್ಕನ ಮನೆಗೆ ಬಿಟ್ಟೆ. ಬಾಗಿಲಲ್ಲಿ ನಿಂತು, "ಐದಕ್ಕ ಬಸ್ಸು ಹಿಡೀಬೇಕು, ತಿಳೀತೇನ್ರಿ?" ಅಂದಳು. ಬಸ್ಸು ಐದರ ಮೇಲೂ ಇದ್ದವು. ಅದು ಅವಳಿಗೂ ಗೊತ್ತಿತ್ತು.

ಊರ ಹೊರಗಿನ ಹೋಟೆಲೊಂದರ ಹಿಂದಿನ ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ಗೇಟಿನ ಹತ್ತಿರ ಹೋಗಿ ಎರಡು ಸಲ ತಿರುಗಿ ಬಂದೆ. ಆಟೋದವನೊಬ್ಬ "ಯಾರನ್ನ ಹುಡುಕಾಕತ್ತೀರಿ ಅಣ್ಣಾ?" ಅಂದ ಮೇಲೆ ನಾಚಿಕೆಯಾಗಿ ಒಳಗೆ ಹೋದೆ. ಕೈಗೊಂದು ಕಾಗದದ ಪಟ್ಟಿ ಕಟ್ಟಿ, ಒಂದು ಗಾಜಿನ ಲೋಟ ಕೊಟ್ಟರು. ಬೇಡ ಅನ್ನಲು ಬಾಯಿ ಬರಲಿಲ್ಲ. ಖಾಲಿ ಲೋಟ ಹಿಡಿದು ನಾಲ್ಕು ಹೆಜ್ಜೆ ನಡೆದೆ. ಬೆಂಚೊಂದರ ಮೇಲೆ ಇಟ್ಟು ಮುಂದೆ ಹೋದೆ. ಯಾರೋ ಹಿಂದಿನಿಂದ ಓಡಿ ಬಂದು, "ಸರ್, ನಿಮ್ಮ ಲೋಟ ಬಿಟ್ರಿ" ಅಂತ ಮತ್ತೆ ಕೈಗಿಟ್ಟರು.

ನಾನು ಕಂಡಿದ್ದ ಕುಡಿಯುವ ಜಾಗಗಳಿಗೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ಹೆಣ್ಣುಮಕ್ಕಳು, ಗಂಡ ಹೆಂಡತಿ ಜೋಡಿಗಳು, ಒಂದು ಮೂಲೆಯಲ್ಲಿ ಮಿರ್ಚಿ ಮಂಡಕ್ಕಿ. ಎಲ್ಲರೂ ಗುಟುಕು ಕುಡಿದು ನಿಂತು ಮಾತಾಡುತ್ತಿದ್ದರು. ಒಂದು ಗುಟುಕು ಕುಡಿದು ನಿಲ್ಲಿಸಬಲ್ಲ ಜನರನ್ನು ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ವಾಸನೆ ಮಾತ್ರ ಅದೇ. ಬಾಯಲ್ಲಿ ನೀರೂರಿತು.

ಮಗಳು ಏಪ್ರನ್ ಹಾಕಿಕೊಂಡು ಕೊನೆಯ ಮೇಜಿನ ಹಿಂದೆ ಇದ್ದಳು. ನನ್ನನ್ನು ಕಂಡವಳೇ ಕೈಯಿಂದ ಲೋಟ ತೆಗೆದುಕೊಂಡು ಮೇಜಿನ ಕೆಳಗಿಟ್ಟಳು. "ಅವ್ವ?" ಅಂದಳು.

"ನಿಮ್ಮ ದೊಡ್ಡವ್ವನ ಮನ್ಯಾಗ."

ಅವಳ ಹಿಂದೆ ಮಲಗಿಸಿದ ಉಕ್ಕಿನ ಪೀಪಾಯಿ, ಅದರ ಮೇಲೆ ಒದ್ದೆ ಗೋಣಿಚೀಲ, ಮಂಜುಗಡ್ಡೆಯ ತುಂಡು. ಈ ಬಿಯರಿಗೆ ಗ್ಯಾಸ್ ತುಂಬುವುದಿಲ್ಲ, ಪೀಪಾಯಿಯಲ್ಲೇ ಕೊನೆಯವರೆಗೂ ಹುಳಿಯುತ್ತಾ ಜೀವಂತ ಇರುತ್ತದೆ, ಕೈಪಂಪಿನಿಂದ ಎಳೆದು ಕೊಡಬೇಕು ಅಂತ ವಿವರಿಸಿದಳು. ಬಾರ್ಲಿಯ ಜತೆ ನಮ್ಮ ಸೀಮೆಯ ಜೋಳ ಮೊಳಕೆ ಕಟ್ಟಿಸಿ ಹಾಕಿದ್ದಳಂತೆ. ಪಂಪಿನ ಹಿಡಿಕೆಯನ್ನು ಎಡಗೈಯಿಂದ ಎಳೆಯುತ್ತಿದ್ದಳು. ಬಲಗೈ ಮಣಿಕಟ್ಟು ಅಷ್ಟು ತಿರುಗುವುದಿಲ್ಲ. ನಾನು ಬೇರೆ ಕಡೆ ನೋಡಿದೆ.

ಆದರೆ ಪಂಪಿನಿಂದ ಬರುತ್ತಿದ್ದುದು ಬರೀ ನೊರೆ. ಮುಂದೆ ಏಳೆಂಟು ಜನ ಲೋಟ ಹಿಡಿದು ನಿಂತಿದ್ದರು. ಅವಳು ಎಳೆದಷ್ಟೂ ಹಿಡಿಕೆ ಸಡಿಲವಾಗಿ ಬರುತ್ತಿತ್ತು. ಅವಳ ಕಿವಿ ಕೆಂಪಾದವು. ನಿಂತವರಲ್ಲಿ ಒಬ್ಬಿಬ್ಬರು ಪಕ್ಕದ ಮೇಜಿಗೆ ಹೋದರು.

"ಬೆಳಿಗ್ಗೆ ಚಲೋ ಇತ್ತೇನು?" ಅಂದೆ.

"ಬೆಳಿಗ್ಗೆ ಬಿಚ್ಚಿ ತೊಳದೀನಪ್ಪಾ. ಆಮ್ಯಾಲೆ ಹಿಂಗ."

ಅಷ್ಟು ಸಾಕಿತ್ತು ನನಗೆ. ಹಳ್ಳಿಯ ಬೋರಿನ ಕೈಪಂಪಿನಲ್ಲಿ ಬಟ್ಟಲಿನಂಥ ವಾಷರ್ ಇರುತ್ತದೆ. ಅದನ್ನು ತಲೆಕೆಳಗಾಗಿ ಕೂರಿಸಿದರೆ ಪಂಪು ನೀರು ಎಳೆಯುವುದಿಲ್ಲ, ಗಾಳಿ ನುಂಗುತ್ತದೆ. ಇದೂ ಹಾಗೇ ಇರಬೇಕು. ಆದರೆ ಪಂಪಿನ ಕೊಳವೆ ಇದ್ದದ್ದು ಮೇಜಿನ ಕೆಳಗೆ; ಬಿಚ್ಚಬೇಕು ಅಂದರೆ ಅಲ್ಲಿ ಸುರಿದ ನೊರೆಯೊಳಗೇ ಕೂರಬೇಕು.

ಮಗಳಿಗೆ ನನ್ನ ಮನಸ್ಸು ತಿಳಿಯಿತು. "ಬ್ಯಾಡಪ್ಪಾ. ನಾನೇ ನೋಡ್ತೀನಿ."

"ನಟ್ಟು ಬಿಚ್ಚೋ ಪಾನಾ ಕೊಡು," ಅಂದೆ.

ಮಂಡಿಯೂರಿ ಕೂತು ನಟ್ಟು ಸಡಿಲಿಸಿದೆ. ಮೇಲಿನ ಪೈಪಿನಲ್ಲಿ ನಿಂತಿದ್ದ ಬಿಯರೆಲ್ಲ ಒಮ್ಮೆಲೇ ಇಳಿದು ಕೈ, ಎದೆ, ಮುಖ ಎಲ್ಲ ತೋಯಿಸಿತು. ಮೇಲುತುಟಿಯ ಮೇಲೆ ಒಂದು ಹನಿ ನಿಂತದ್ದು ಗೊತ್ತಾಯಿತು. ನಾಲಿಗೆ ಚಾಚಿದರೆ ಸಾಕು. ಯಾರಿಗೂ ಕಾಣುತ್ತಿರಲಿಲ್ಲ, ಮೇಜಿಗೆ ಬಟ್ಟೆ ಇಳಿಬಿಟ್ಟಿದ್ದರು. ಹಲ್ಲು ಕಚ್ಚಿ ಹಿಡಿದೆ. ಎಷ್ಟು ಹೊತ್ತು ಹಾಗೆ ಕೂತೆನೋ. ಬಟ್ಟೆ ಸರಿಸಿ ಮಗಳು ಬಗ್ಗಿದಳು, ನನ್ನ ಮುಖ ನೋಡಿದಳು, ಒದ್ದೆ ಟವೆಲ್ಲಿನಿಂದ ನನ್ನ ಬಾಯಿ ಒರೆಸಿದಳು, ಸಣ್ಣ ಮಕ್ಕಳಿಗೆ ಒರೆಸಿದ ಹಾಗೆ.

ವಾಷರ್ ತಲೆಕೆಳಗಾಗಿಯೇ ಇತ್ತು. ತಿರುಗಿಸಿ ಕೂರಿಸಿದೆ. ಅವಳು ಎಳೆದಳು. ಎರಡನೇ ಎಳೆತಕ್ಕೆ ಕಂದು ಬಣ್ಣದ ಧಾರೆ ಲೋಟಕ್ಕೆ ನೆಟ್ಟಗೆ ಬಿತ್ತು. ಆದೋನಿ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು ಕುಡಿದು ತೆಲುಗಿನಲ್ಲಿ "ಬಾಗುಂದಮ್ಮಾ", ಚೆನ್ನಾಗಿದೆ, ಅಂದರು. ಅವಳು ನನ್ನ ಕಡೆ ನೋಡಿ ನಕ್ಕಳು. ಅಷ್ಟು ಹೆಮ್ಮೆ ನನಗೆ ಹಿಂದೆ ಯಾವತ್ತೂ ಆಗಿರಲಿಲ್ಲ. ಅಷ್ಟೇ ಜೋರಾಗಿ ಅಲ್ಲಿಂದ ಓಡಬೇಕೂ ಅನ್ನಿಸಿತು. "ಬರ್ತೀನವ್ವಾ" ಅಂದೆ.

"ಅವ್ವಗ ಫೋನ್ ಮಾಡಿ ಹೇಳಲೇನು? ಅಂಗಿ ಪೂರಾ ವಾಸನಿ ಬರಾಕತ್ತೈತಿ."

"ಬ್ಯಾಡ. ನೀ ಹೇಳಿದ್ರ ನಾನ ಹೇಳಿಸೀನಿ ಅಂತಾಳ."

ಆಟೋ ಹತ್ತದೆ ಬಿಸಿಲಿನಲ್ಲಿ ನಡೆದೆ. ಅಂಗಿ ಒಣಗಿತು, ವಾಸನೆ ಹೋಗಲಿಲ್ಲ. ಪರಿಚಯದವರು ಸಿಕ್ಕರೆ ಏನು ಹೇಳಲಿ ಅಂತ ದಾರಿಯುದ್ದಕ್ಕೂ ಮಾತು ಕೂಡಿಸುತ್ತಿದ್ದೆ. ಯಾರೂ ಸಿಗಲಿಲ್ಲ. ಸತ್ಯನಾರಾಯಣಪೇಟೆಯ ಮನೆಯ ಮೆಟ್ಟಿಲ ಮೇಲೆ ಹೆಂಡತಿಯೇ ಕೂತಿದ್ದಳು. ನಾಲ್ಕು ಮಾರು ದೂರದಲ್ಲೇ ಅವಳ ಮುಖ ಬಿಳಿಚಿಕೊಂಡಿತು.

"ಕುಡಿದಿಲ್ಲ," ಅಂದೆ. "ಪಂಪ್ ರಿಪೇರಿ ಮಾಡಿದೆ."

ಎಂಥ ಮಾತು! ನನ್ನ ಹಳೆಯ ಸುಳ್ಳುಗಳೆಲ್ಲ ಇದಕ್ಕಿಂತ ಚೆನ್ನಾಗಿದ್ದವು. ಅವಳು ಬಹಳ ಹೊತ್ತು ನನ್ನ ಕಣ್ಣನ್ನೇ ನೋಡಿದಳು. ಒಳಗೆ ಹೋಗಿ ಅಕ್ಕನ ಗಂಡನ ಅಂಗಿ ತಂದು ಕೈಗಿಟ್ಟಳು. ಬಸ್ಸಿನಲ್ಲಿ ಪಕ್ಕದಲ್ಲೇ ಕೂತಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಆಮೇಲಿನ ಒಂದು ವಾರ ಕಷ್ಟದ್ದು. ಸಂಜೆಯಾದರೆ ಆ ವಾಸನೆ ಎಲ್ಲಿಂದಲೋ ಬರುತ್ತಿತ್ತು. ಪಕ್ಕದ ಪೈಪಿನ ಅಂಗಡಿಯ ಸಾಹೇಬರಿಗೆ ಇದ್ದದ್ದು ಇದ್ದಂಗೆ ಹೇಳಿಕೊಂಡೆ. ಅವರು ಉಪದೇಶ ಮಾಡಲಿಲ್ಲ. "ಭಾಯ್, ಬಾಗಿಲ ಹಾಕೋ ಮಟ ಇಲ್ಲೇ ಕುಂದ್ರು," ಅಂತ ಕುರ್ಚಿ ಎಳೆದು ಚಹಾ ತರಿಸಿದರು. ಏಳು ಸಂಜೆ ಅಲ್ಲೇ ಕೂತೆ. ಎಂಟನೆಯ ದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಇದ್ದಕ್ಕಿದ್ದಂತೆ ಕೇಳಿದಳು, "ಆಕಿ ಮಾಡಿದ್ದು ಹೆಂಗಿತ್ತಂತ್ರಿ?"

"ನನಗೇನು ಗೊತ್ತು? ಕುಡಿದವರು ಚಲೋ ಐತಿ ಅಂದ್ರು."

ಅವಳು ರೊಟ್ಟಿ ತಿರುವಿ ಹಾಕಿದಳು. "ಜ್ವಾಳ ಹಾಕ್ಯಾಳಂತ. ಫೋನಿನ್ಯಾಗ ಹೇಳಿದ್ಲು, ಪಂಪಿಂದೂ ಹೇಳಿದ್ಲು," ಅಂದಳು. ಯಾವಾಗ ಫೋನ್ ಮಾಡಿದ್ದಳು ಅಂತ ನಾನು ಕೇಳಲಿಲ್ಲ.