ಬೆಲ್ಲದ ಬಣ್ಣದ ಬತ್ತಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮದ್ದೂರಿನ ಹೊಳೆ ಕಡೆಯ ಓಣಿಯಲ್ಲಿ ಜಪಮಾಲಮ್ಮ ತನ್ನ ಮನೆಯ ಜಗಲಿಯ ಮೇಲೆ ಕೂತು ಮೇಣ ಅಗಿಯುತ್ತಿದ್ದಾಳೆ. ಬೇರೆ ಹೆಂಗಸರು ಈ ಹೊತ್ತಿಗೆ ಎಲೆಅಡಿಕೆ ಹಾಕಿಕೊಂಡರೆ ಈಕೆ ಕಡಲೆಕಾಳಿನಷ್ಟು ಜೇನುಮೇಣ ಮುರಿದು ಹಲ್ಲಿನ ನಡುವೆ ಇಡುತ್ತಾಳೆ. ಆಮೇಲೆ ಕಣ್ಣು ಮುಚ್ಚಿ, ಹಿತ್ತಲಲ್ಲಿ ಕಳ್ಳನ ಹೆಜ್ಜೆ ಕೇಳಿಸಿತೇನೋ ಎನ್ನುವವಳ ಹಾಗೆ ಕಾಯುತ್ತಾಳೆ. ಮೇಣ ಚೊಕ್ಕವಾಗಿದ್ದರೆ ಮೊದಲು ಪುಡಿಯಾಗಿ ಆಮೇಲೆ ಒಂದುಗೂಡುತ್ತದೆ. ಕೊಬ್ಬು ಬೆರೆತಿದ್ದರೆ ಜಿಡ್ಡಾಗಿ ಹಲ್ಲಿಗೆ ಅಂಟುತ್ತದೆ.

ಎದುರು ಮನೆಯ ಹೊಂಬಾಳಮ್ಮ ಸಗಣಿ ನೀರು ಚೆಲ್ಲುತ್ತಾ ಕೂಗುತ್ತಾಳೆ. "ಏನ್ ಜಪಮ್ಮ, ಬೆಳಗಿನ ತಿಂಡಿ ಆಯ್ತಾ? ಉಪ್ಪು ಸಾಲ್ದೆ ಇದ್ರೆ ಕೊಟ್ಟೇನು!"

"ನಿನ್ ಮನೆ ಉಪ್ಪಲ್ಲಿ ಅರ್ಧ ಸುಣ್ಣದ ಪುಡಿ ಅದೆ ಕಣಮ್ಮ, ನೀನೇ ಮಡಿಕೊ" ಎಂದು ಈಕೆ ಕಣ್ಣು ತೆರೆಯದೆಯೇ ಉತ್ತರ ಕೊಡುತ್ತಾಳೆ.

ಮಹಾಯುದ್ಧದ ಆರನೆಯ ವರ್ಷ ಇದು. ಅಕ್ಕಿಯಲ್ಲಿ ಕಲ್ಲು, ಎಣ್ಣೆಯಲ್ಲಿ ಇನ್ನೊಂದೆಣ್ಣೆ, ಹಾಲಿನಲ್ಲಿ ಶಿಂಷಾ ಹೊಳೆ. ಇಂಥ ಕಾಲದಲ್ಲಿ ಒಬ್ಬ ಹೆಂಗಸು ಕೈಗೆ ಬಂದದ್ದನ್ನೆಲ್ಲ ಅಗಿದು ನೋಡಿದರೆ ಊರು ಅವಳಿಗೆ ಹುಚ್ಚು ಎನ್ನುತ್ತದೆ. ಬೆರಸಿದವನನ್ನು ಮಾತ್ರ ಸಾಹುಕಾರ ಎಂದು ಕರೆಯುತ್ತದೆ.

ಜಪಮಾಲಮ್ಮನಿಗೆ ಈಗ ಐವತ್ತೆರಡು. ಹುಟ್ಟಿದ್ದು ಮಳವಳ್ಳಿ ಕಡೆ, ಮದುವೆಯಾಗಿ ಬಂದದ್ದು ಇಲ್ಲಿಗೆ. ಗಂಡ ಇನ್ನಾಸಪ್ಪ ಓಣಿಯ ಕೊನೆಯಲ್ಲಿರುವ ಸಣ್ಣ ಚರ್ಚಿನಲ್ಲಿ ಗಂಟೆ ಹೊಡೆಯುತ್ತಿದ್ದ, ಕಸ ಗುಡಿಸುತ್ತಿದ್ದ, ಮೇಣದ ಬತ್ತಿ ಮಾಡುತ್ತಿದ್ದ. ಹದಿನಾಲ್ಕು ವರ್ಷದ ಹಿಂದೆ ಪ್ಲೇಗು ಅವನನ್ನು ಮೂರು ದಿನದಲ್ಲಿ ಕೊಂಡೊಯ್ಯಿತು. ಗಂಟೆಯ ಕೆಲಸ ಬೇರೆಯವರ ಪಾಲಾಯಿತು. ಬತ್ತಿಯ ಕೆಲಸವನ್ನು ಮಾತ್ರ ಯಾರೂ ಕೇಳಲಿಲ್ಲ, ಕೈ ಸುಡುವ ಕೆಲಸ. ಅದು ಈಕೆಗೆ ಉಳಿಯಿತು.

ದಿನಕ್ಕೆ ಅರವತ್ತು ಸಣ್ಣ ಬತ್ತಿ. ಬಳೆಯಂಥ ಕಬ್ಬಿಣದ ಉಂಗುರದಿಂದ ಹತ್ತಿಯ ದಾರಗಳನ್ನು ಇಳಿಬಿಟ್ಟು, ಕರಗಿದ ಮೇಣವನ್ನು ಸೌಟಿನಲ್ಲಿ ಮೇಲಿನಿಂದ ಸುರಿಯಬೇಕು. ಆರಿದ ಮೇಲೆ ಮತ್ತೆ ಸುರಿಯಬೇಕು. ಒಂದೊಂದು ದಾರಕ್ಕೂ ಇಪ್ಪತ್ತು ಸಲ. ಅಂದರೆ ದಿನಕ್ಕೆ ಸಾವಿರದ ಇನ್ನೂರು ಸೌಟು. ಬಲಗೈಯ ಎರಡು ಬೆರಳಿಗೆ ಉಗುರು ಬರುವುದು ನಿಂತು ಎಷ್ಟೋ ವರ್ಷವಾಗಿದೆ. "ಉಗುರಿದ್ರೆ ಮೇಣ ಸಿಕ್ಕಾಕ್ಕೊಂತದೆ. ಇಲ್ದಿದ್ದೇ ವಾಸಿ" ಎನ್ನುತ್ತಾಳೆ.

ಆದರೆ ಆಕೆಯ ವರ್ಷವೆಲ್ಲ ಸುತ್ತುವುದು ಒಂದೇ ಒಂದು ದೊಡ್ಡ ಬತ್ತಿಯ ಸುತ್ತ. ಪಾಸ್ಕ ಹಬ್ಬ, ಅಂದರೆ ಸತ್ತ ಕ್ರಿಸ್ತ ಮೂರನೆಯ ದಿನ ಎದ್ದು ಬಂದ ಹಬ್ಬ. ಅದರ ಹಿಂದಿನ ಶನಿವಾರ ಬೆಳಿಗ್ಗೆ ಚರ್ಚಿನ ದೀಪಗಳೆಲ್ಲ ಆರಿರುತ್ತವೆ. ಬಾಗಿಲ ಹೊರಗೆ ಚಕಮುಕಿ ಕಲ್ಲಿನಿಂದ ಹೊಸ ಬೆಂಕಿ ಹೊಡೆಯುತ್ತಾರೆ. ಆ ಬೆಂಕಿಯನ್ನು ಒಳಗೆ ತಂದು ತೋಳು ಗಾತ್ರದ, ಎರಡೂವರೆ ಅಡಿ ಎತ್ತರದ ಬತ್ತಿಗೆ ಹೊತ್ತಿಸುತ್ತಾರೆ. ಅದು ಜೇನುಮೇಣದ್ದೇ ಆಗಿರಬೇಕು. ಅಂದಿನ ಪ್ರಾರ್ಥನೆಯಲ್ಲಿ ಸ್ವಾಮಿಗಳು, ಅಂದರೆ ಚರ್ಚಿನ ಪಾದ್ರಿಗಳು, ಜೇನುಹುಳುವಿನ ಹೆಸರನ್ನೂ ಎತ್ತುತ್ತಾರಂತೆ. ಅಲ್ಲಿಂದ ನಲವತ್ತನೆಯ ದಿನದ ಊರ್ಧ್ವಾರೋಹಣದ ಹಬ್ಬದವರೆಗೆ ಪ್ರತಿ ಭಾನುವಾರ ಅದು ಉರಿಯಬೇಕು, ಬಗ್ಗದೆ.

"ಎಲ್ಲಾರೂ ಕತ್ತಲಾದ್ರೆ ದೀಪ ಅಚ್ತಾರೆ. ನೀವು ಅಗಲೊತ್ತಲ್ಲಿ ಅಚ್ತೀರಿ. ಯಾವ ಕುರುಡನಿಗಮ್ಮ?" ಎಂದು ಹೊಂಬಾಳಮ್ಮ ಒಮ್ಮೆ ಕೇಳಿದ್ದಳು.

"ನಿನಗೇ" ಎಂದಳು ಈಕೆ. ಆದರೆ ಆ ಮಾತು ಒಳಗೆ ಕೊರೆಯುತ್ತಲೇ ಇತ್ತು. ಬಿಸಿಲಿನಲ್ಲಿ ಉರಿಯುವ ದೀಪ ಕಾಣುವುದೇ ಇಲ್ಲ, ಹತ್ತಿರ ಹೋದರೆ ಬಿಸಿ ಮಾತ್ರ ತಾಗುತ್ತದೆ. ಹಾಗಾದರೆ ಇದೆ ಎಂದು ನಂಬುವುದು ಹೇಗೆ? ಜಪಮಾಲಮ್ಮ ಕೈ ಚಾಚಿ ನೋಡುವವಳು, ನಂಬುವವಳಲ್ಲ. ಕ್ರಿಸ್ತನ ಗಾಯದಲ್ಲಿ ಬೆರಳಿಟ್ಟೇ ನಂಬುತ್ತೇನೆ ಎಂದ ಶಿಷ್ಯ ತೋಮಾಸನ ನೆನಪಾಗಿ ಸ್ವಾಮಿಗಳು ಅವಳನ್ನು "ತೋಮಾಸನ ತಂಗಿ" ಎಂದು ಕರೆಯುತ್ತಾರೆ. ಅದು ಬೈಗುಳವೋ ಹೊಗಳಿಕೆಯೋ ಎಂದು ಅವಳಿಗೆ ಇನ್ನೂ ಅನುಮಾನ.

ಈ ಅನುಮಾನ ಹುಟ್ಟಿನಿಂದ ಬಂದದ್ದಲ್ಲ. ಮೂರು ವರ್ಷದ ಹಿಂದೆ ಯಾರೋ ಸಂತೆ ವ್ಯಾಪಾರಿ ಮಾರಿದ ಮೇಣದಲ್ಲಿ ಕೊಬ್ಬು ಬೆರೆತಿತ್ತು. ಆ ವರ್ಷ ಹಬ್ಬದ ಬತ್ತಿ ಚಟಚಟ ಸಿಡಿಯಿತು, ಬಾಡುಸಾರಿನ ವಾಸನೆ ಹೊಡೆಯಿತು, ಸೆಕೆಗೆ ಮೆಲ್ಲಗೆ ಕತ್ತು ಬಗ್ಗಿಸಿತು. ಜನರೆಲ್ಲ ತಿರುಗಿ ನೋಡಿದ್ದು ಬತ್ತಿಯನ್ನಲ್ಲ, ಜಪಮಾಲಮ್ಮನನ್ನು. ಮೇಣ ಕದ್ದು ಮಾರಿಕೊಂಡು ಕೊಬ್ಬು ತುಂಬಿದಳು ಎಂದು ಬಾಯಿಗೆ ಬಂದಂತೆ ಆಡಿದರು. ಅಂದಿನಿಂದ ಆಕೆ ಅಗಿಯುತ್ತಾಳೆ.

ಅಂದಿನಿಂದ ಆಕೆಗೆ ಮೇಣ ತಂದುಕೊಡುವವನು ಮದ್ದೂರಿನ ಫಕ್ರುದ್ದೀನ್. ಹಳ್ಳಿಹಳ್ಳಿ ತಿರುಗಿ ಹೆಜ್ಜೇನು ಬಿಡಿಸಿ ಜೇನುತುಪ್ಪ, ಮೇಣ ಮಾರುವವನು. ಮೂರು ವರ್ಷದಲ್ಲಿ ಅವನು ತಂದ ಒಂದು ಉಂಡೆಯೂ ಹಲ್ಲಿಗೆ ಅಂಟಿರಲಿಲ್ಲ.

ಈ ವರ್ಷ ಶಿವರಾತ್ರಿ ಕಳೆದ ಮೂರನೆಯ ದಿನಕ್ಕೆ ಬೂದಿ ಬುಧವಾರ ಬಂತು. ಅಂದು ಕ್ರೈಸ್ತರು ಹಣೆಗೆ ಬೂದಿ ಹಚ್ಚಿಕೊಂಡು ನಲವತ್ತು ದಿನದ ತಪಸ್ಸು ಹಿಡಿಯುತ್ತಾರೆ. ಜಪಮಾಲಮ್ಮನ ಮೇಣವೂ ಅಂದೇ ತಪಸ್ಸಿಗೆ ಕೂರುತ್ತದೆ. ಒದ್ದೆ ಹಲಗೆಯನ್ನು ಕರಗಿದ ಮೇಣದಲ್ಲಿ ಅದ್ದಿ, ಎದ್ದ ತೆಳು ಪದರವನ್ನು ಬಿಡಿಸಿ, ಬಿಳಿ ಬಟ್ಟೆಯ ಮೇಲೆ ಹರಡಿ ಸೂರಿನ ಮೇಲೆ ಬಿಸಿಲಿಗೆ ಇಡುತ್ತಾಳೆ. ನೀರು ಚಿಮುಕಿಸುತ್ತಾಳೆ, ಮಗುಚುತ್ತಾಳೆ. ಮಾಗಿಯ ಬಿಸಿಲಿಗೆ ಈ ಕೆಲಸ ಆಗುವುದಿಲ್ಲ. ಹೊಂಗೆ ಎಲೆ ಉದುರಿಸಿ ಎಳೆಚಿಗುರು ಬಿಡುವ ಹೊತ್ತಿನ ಬಿಸಿಲೇ ಬೇಕು. ನಲವತ್ತು ದಿನದಲ್ಲಿ ಹಳದಿ ಮೇಣ ಬೆಳ್ಳಗಾಗುತ್ತದೆ. "ಅಷ್ಟು ದಿನ ತಿಂದ ಬಿಸಿಲ್ನ ಅಬ್ಬದ ದಿನ ವಾಪಸ್ ಕೊಡ್ತದೆ. ಬತ್ತಿ ಅಂದ್ರೆ ಇನ್ನೇನಮ್ಮ, ಸಾಲ ಇಟ್ಕೊಳ್ದಿರೋ ವಸ್ತು" ಎನ್ನುತ್ತಾಳೆ.

ಬೂದಿ ಬುಧವಾರದ ಹಿಂದಿನ ದಿನವೇ ಫಕ್ರುದ್ದೀನ್ ಮೂರು ಉಂಡೆ ತಂದಿಟ್ಟ. ಜಪಮಾಲಮ್ಮ ಒಂದನ್ನು ಬೆಳಕಿಗೆ ಹಿಡಿದು ನೋಡಿದಳು. ಹಳದಿಯಲ್ಲ, ಕಂದು. ಅಗಿದಳು. ಹಲ್ಲಿಗೆ ಅಂಟಲಿಲ್ಲ. ಆದರೆ ನಾಲಿಗೆಗೆ ಸಿಹಿ, ಸುಟ್ಟ ಸಿಹಿ.

"ಬೆಲ್ಲದ ಮಡ್ಡಿ ಬೆರ್ಸಿದ್ದೀರ ಸಾಬ್ರೆ" ಎಂದಳು.

ಫಕ್ರುದ್ದೀನ್ ನಕ್ಕ. ತಮಾಷೆ ಎಂದುಕೊಂಡ. ಆಕೆ ನಗಲಿಲ್ಲ. "ತೂಕಕ್ಕೆ ಬೆರ್ಸಿದ್ದೀರ. ಮೂರು ವರ್ಷ ನಂಬಿಸಿ ಈಗ ಬೆರ್ಸಿದ್ದೀರ."

ಬೀದಿಯಲ್ಲಿ ನಾಲ್ಕು ಜನ ನಿಂತರು. ಅವನ ಮುಖ ಕೆಂಪಾಯಿತು. "ಅಲ್ಲಾನ ಆಣೆ ಅಮ್ಮ, ಜೇನುಹುಟ್ಟಿನಿಂದ ಬಿಡಿಸಿದ್ದೇ ಹಂಗಿತ್ತು. ನಮ್ಮ ಜನ ಅಂತ ಹಿಂಗಂತೀರಾ?"

"ಯಾವ್ ಜನಾನೂ ನಂಬಾಕಿಲ್ಲ ನಾನು. ನಮ್ಮ ಉಪದೇಶಿ ತಂದ್ರೂ ಅಗೀತೀನಿ!"

ಫಕ್ರುದ್ದೀನ್ ಉಂಡೆಗಳನ್ನು ಜಗಲಿಯ ಮೇಲೇ ಬಿಟ್ಟು ನಡೆದುಬಿಟ್ಟ. ಕಾಸು ಕೇಳಲಿಲ್ಲ, ತಿರುಗಿ ನೋಡಲಿಲ್ಲ.

ಚರ್ಚಿನ ಉಪದೇಶಿ ಚೌರಪ್ಪ, ಅಂದರೆ ಮಕ್ಕಳಿಗೆ ಜಪ ಕಲಿಸುವವನು, ಇದಕ್ಕಾಗಿಯೇ ಕಾದಿದ್ದವನಂತೆ ಸ್ವಾಮಿಗಳ ಹತ್ತಿರ ಓಡಿದ. ಬೆಂಗಳೂರಿನಿಂದ ಬತ್ತಿ ತರಿಸಿಬಿಡೋಣ, ಈ ಮುದುಕಿಯ ಜಂಜಾಟವೇ ಬೇಡ ಎಂದ. ಸ್ವಾಮಿಗಳು ಜಪಮಾಲಮ್ಮನನ್ನು ಕರೆಸಿ ಮೆಲ್ಲಗೇ ಹೇಳಿದರು. "ಈ ಸಲ ನೀನೇ ಮಾಡು. ಊರ್ಧ್ವಾರೋಹಣದೊಳಗೆ ಬಗ್ಗಿದರೆ ಮುಂದಿನ ವರ್ಷದಿಂದ ತರಿಸುತ್ತೇವೆ."

ಜಪಮಾಲಮ್ಮ ಮನೆಗೆ ಬಂದು ಆ ಕಂದು ಉಂಡೆಗಳ ಎದುರು ಕೂತಳು. ಬೇರೆ ಮೇಣವಿಲ್ಲ. ಇದನ್ನು ಹಾಕಲು ಮನಸ್ಸಿಲ್ಲ. ಹಾಕದಿದ್ದರೆ ಗಂಡನ ಕೈಯಿಂದ ಬಂದ ಕೆಲಸ ಇಲ್ಲಿಗೆ ಮುಗಿಯುತ್ತದೆ. ಎರಡು ದಿನ ಹೀಗೇ ಕಳೆಯಿತು. ಮೂರನೆಯ ದಿನ ಎದ್ದು ಫಕ್ರುದ್ದೀನನ ಮನೆ ಬಾಗಿಲಿಗೆ ಹೋಗಿ ನಿಂತಳು.

"ಎಲ್ಲಿ ಬಿಡಿಸಿದ್ರಿ, ತೋರಿಸಿ."

ಅವನ ಹೆಂಡತಿ ಬಿಬಿ ಜಾನ್ ಒಳಗಿನಿಂದಲೇ ರೇಗಿದಳು. "ನಂಬಲ್ಲ ಅಂದವರಿಗೆ ತೋರಿಸೋದೇನು? ಕೂಲಿ ಬಿಟ್ಟು ಹೋಗ್ಬೇಡಿ!" ಫಕ್ರುದ್ದೀನ್ ತಲೆಗೆ ರುಮಾಲು ಸುತ್ತಿಕೊಳ್ಳುತ್ತಾ "ಇವರಿಗೆ ತೋರಿಸ್ದೆ ಇದ್ರೆ ನನಗೆ ಅನ್ನ ಸೇರಲ್ಲ" ಎಂದು ಹೊರಟೇಬಿಟ್ಟ.

ಇದ್ದಿಲ ಹೊಗೆಯಲ್ಲಿ ಓಡುವ ಯುದ್ಧಕಾಲದ ಬಸ್ಸು ಹತ್ತಿರದ ಕೊಪ್ಪಕ್ಕೆ ಹೋಗುವಷ್ಟರಲ್ಲಿ ಎರಡು ಸಲ ನಿಂತಿತು. ಊರಾಚೆ ಅಂಕಯ್ಯ ಎಂಬ ರೈತನ ಆಲೆಮನೆ. ಗಾಣದಲ್ಲಿ ಕಬ್ಬು ಅರೆಯುತ್ತಿದ್ದಾರೆ, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿದೆ. ಮೇಲೆದ್ದ ನೊರೆ, ಮಡ್ಡಿಯನ್ನು ತೆಗೆದು ಬದುವಿನ ಪಕ್ಕದ ಗುಂಡಿಗೆ ಸುರಿಯುತ್ತಿದ್ದಾರೆ. ಆ ಗುಂಡಿ ಕಪ್ಪಗೆ ಅಲುಗಾಡುತ್ತಿತ್ತು.

ಹತ್ತಿರ ಹೋದರೆ ಜೇನು. ಸಾವಿರಗಟ್ಟಲೆ ಹೆಜ್ಜೇನು ಮಡ್ಡಿಯ ಮೇಲೆ ಕೂತು ಹೀರುತ್ತಿದ್ದವು, ಹೊಟ್ಟೆ ತುಂಬಿದವು ಎದ್ದು ಆಚೆಯ ಬಸರಿ ಮರಕ್ಕೆ ಹಾರುತ್ತಿದ್ದವು. ಮರದಲ್ಲಿ ಮೊರದಗಲದ ಹುಟ್ಟುಗಳು ನೇತಾಡುತ್ತಿದ್ದವು.

"ಊವಿಲ್ಲ ಕಣವ್ವ ಈಗ" ಎಂದ ಅಂಕಯ್ಯ. "ನಾಲೆ ನೀರು ಬಂದ್ಮ್ಯಾಲೆ ಎಲ್ಲಾ ಕಬ್ಬೇ. ಎಳ್ಳು ಉಚ್ಚೆಳ್ಳು ಯಾರು ಆಕ್ತಾರೆ? ಉಳ ಏನ್ ಮಾಡೀತು, ಬೆಲ್ಲಕ್ಕೆ ಬೀಳ್ತದೆ. ಹೊಡೆದ್ರೂ ಓಗಾಕಿಲ್ಲ, ಸುಮ್ಕೆ ಬುಟ್ಟಿದ್ದೀವಿ."

ಮರದ ಕೆಳಗೆ ಬಿದ್ದಿದ್ದ ಒಂದು ಹುಟ್ಟಿನ ತುಂಡನ್ನು ಜಪಮಾಲಮ್ಮ ಎತ್ತಿಕೊಂಡಳು. ಉಗುರಿಲ್ಲದ ಬೆರಳನ್ನು ಅದರ ಕಣ್ಣುಗಳಿಗೆ ಒತ್ತಿ ನಾಲಿಗೆಗೆ ಹಚ್ಚಿಕೊಂಡಳು. ಅದೇ ಸುಟ್ಟ ಸಿಹಿ. ಬೆರಸಿದವನು ಫಕ್ರುದ್ದೀನ್ ಅಲ್ಲ. ಯಾರೂ ಅಲ್ಲ. ಹೂವಿಲ್ಲದ ಹೊತ್ತಿನಲ್ಲಿ ಸಿಕ್ಕಿದ್ದರಲ್ಲೇ ಹುಳು ಮೇಣ ಕಟ್ಟಿತ್ತು.

ಆಕೆ ಕ್ಷಮೆ ಕೇಳಲಿಲ್ಲ. ಬಸ್ಸಿಗೆ ಕಾಯುವಾಗ, "ಆಲೆಮನೆಯೋರು ಕೊಟ್ಟ ಬೆಲ್ಲ ಬಿಬಿಜಾನಮ್ಮನಿಗೆ ಕೊಡಿ ಸಾಬ್ರೆ. ನನ್ನ ಪಾಲೂ ಸೇರ್ಸಿ" ಎಂದಳು. ಫಕ್ರುದ್ದೀನ್ ಗಂಟು ಇಸಿದುಕೊಂಡ. "ಅಗಿದು ನೋಡಿದ್ರಾ ಮೊದ್ಲು?" ಎಂದ. ಆಗ ಆಕೆ ನಕ್ಕಳು.

ಮೇಣವನ್ನು ಮೂರು ಸಲ ನೀರಿನಲ್ಲಿ ಕುದಿಸಿದಳು. ಸಿಹಿಯೆಲ್ಲ ನೀರಿಗೆ ಬಿಟ್ಟಿತು, ನೀರು ಕಾಫಿ ಬಣ್ಣಕ್ಕೆ ತಿರುಗಿತು. ಸೂರಿನ ಮೇಲೆ ಬಿಸಿಲಿಗೆ ಹಾಕಿದಳು. ಕಂದು ಕರಗಿ ಕೆಂಚಾಯಿತು, ಹೊಸ ಅಚ್ಚುಬೆಲ್ಲದ ಬಣ್ಣ. ಅಲ್ಲಿಗೆ ನಿಂತಿತು. ನಲವತ್ತು ದಿನವೂ ಮುಗಿಯಿತು. ಬೆಳ್ಳಗಾಗಲೇ ಇಲ್ಲ.

ಶನಿವಾರ ಬೆಳಿಗ್ಗೆ ಚರ್ಚಿನೊಳಗೆ ಬೆಲ್ಲದ ಬಣ್ಣದ ಬತ್ತಿ ಎದ್ದು ನಿಂತಾಗ ಪಿಸುಮಾತು ಎದ್ದಿತು. ಚೌರಪ್ಪ ಮೂಗು ಮುಂದೆ ಮಾಡಿ ವಾಸನೆ ಹಿಡಿದ. ಸ್ವಾಮಿಗಳು ಹೊಸ ಬೆಂಕಿ ತಂದು ಹೊತ್ತಿಸಿದರು. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಉರಿ ಕಾಣಲಿಲ್ಲ. ಬತ್ತಿ ಸಿಡಿಯಲೂ ಇಲ್ಲ, ನಾರಲೂ ಇಲ್ಲ. ಹಿಂದಿನ ಕಂಬದ ಹತ್ತಿರ ನಿಂತಿದ್ದ ಜಪಮಾಲಮ್ಮ ಉರಿಯನ್ನು ನೋಡಲಿಲ್ಲ. ಕೆಂಚು ಮೇಣದ ತಲೆ ಒಳಗಿನಿಂದ ಬೆಳಗುವುದನ್ನು ನೋಡಿದಳು. ಬೆಳ್ಳಗಿನ ಬತ್ತಿಯಲ್ಲಿ ಹಗಲು ಹೊತ್ತು ಅದು ಯಾವತ್ತೂ ಕಂಡಿರಲಿಲ್ಲ. ಕ್ರಿಸ್ತನ ಸಾವಿನ ಶೋಕಕ್ಕೆಂದು ಗುರುವಾರದಿಂದ ಸುಮ್ಮನಿದ್ದ ಗಂಟೆ ಆಮೇಲೆ ಒಂದೇ ಸಮನೆ ಹೊಡೆಯಿತು.

"ಒಳಗಡೆ ದೀಪ ಮಡಗಿದ ಪರಂಗಿ ಅಣ್ಣಿನಂಗೆ ಇತ್ತು" ಎಂದು ಮಾತ್ರ ಹೇಳುತ್ತಾಳೆ. ಹೆಚ್ಚು ಕೇಳಿದರೆ ಬತ್ತಿ ಸುರಿಯಲು ಹೊತ್ತಾಯಿತು ಎಂದು ಏಳುತ್ತಾಳೆ.

ಈಗ ಆ ಬತ್ತಿ ನಾಲ್ಕನೆಯ ಭಾನುವಾರ ದಾಟಿದೆ. ಪೂಜೆ ಮುಗಿದು ಜನ ಹೋದ ಮೇಲೆ ಜಪಮಾಲಮ್ಮ ಸೆರಗಿನಿಂದ ದಾರ ತೆಗೆಯುತ್ತಾಳೆ. ತುದಿಗೆ ಸಣ್ಣ ಕಲ್ಲು ಕಟ್ಟಿದೆ, ಗೋಡೆ ಕಟ್ಟುವವರು ನೆಟ್ಟಗೆ ನೋಡುವ ಹಾಗೆ. ಬತ್ತಿಯ ಪಕ್ಕ ಇಳಿಬಿಟ್ಟು ಒಂದು ಕಣ್ಣು ಮುಚ್ಚುತ್ತಾಳೆ. ದಾರಕ್ಕೂ ಬತ್ತಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ಹಿಂದೆ ನಿಂತ ಚೌರಪ್ಪನೂ ಒಂದು ಕಣ್ಣು ಮುಚ್ಚಿ ನೋಡಿ ಹೋಗುತ್ತಾನೆ.

ಇಷ್ಟಾದರೂ ಫಕ್ರುದ್ದೀನ್ ತಂದ ಹೊಸ ಉಂಡೆಯನ್ನು ಆಕೆ ಇಂದು ಬೆಳಿಗ್ಗೆಯೂ ಅಗಿದಿದ್ದಾಳೆ. ಇನ್ನೂ ನಂಬಿಕೆ ಬರಲಿಲ್ಲವೇ ಎಂದರೆ ಸಿಡಿಯುತ್ತಾಳೆ. "ನಂಬ್ಕೆ ಬ್ಯಾರೆ, ಅಗಿಯೋದು ಬ್ಯಾರೆ!"

ಆಕೆಗೆ ಒಂದೇ ಆಸೆ ಇದೆ. ಸ್ವಾಮಿಗಳನ್ನು ಆಗಲೇ ಕೇಳಿದ್ದಾಳೆ, ಅವರು ನೋಡೋಣ ಎಂದಿದ್ದಾರೆ.

"ಊರ್ಧ್ವಾರೋಹಣದ ದಿನ ಬತ್ತಿ ಆರಿಸ್ತಾರಲ್ಲ, ಉಳಿದ ತುಂಡಲ್ಲಿ ಒಂದ್ ಚೂರು ಪಕ್ರು ಸಾಬ್ರಿಗೆ ಕೊಡ್ಬೇಕು. ಬೀದಿ ಮಧ್ಯೆ ನಾಲ್ಕ್ ಜನ ನಿಂತಿರೋವಾಗ್ಲೇ ಕೊಡ್ತೀನಿ. ಅಗಿದು ನೋಡ್ಲಿ ಅವ್ರೂವೆ. ಅವ್ರು ತಂದ್ಕೊಟ್ಟಿದ್ದಕ್ಕೆ ನಾನೂ ಏನೂ ಬೆರ್ಸಿಲ್ಲ."