ಓಬ್ದೂಲಿಯಾಳ ವೋಚೋ ತಣ್ಣಗಾದ ದಿನ

ಕತ್ತೆಗಳ ಕಾಲ ಮುಗಿದ ಮೇಲೆ ಕ್ವಾವ್ತೆಪೆಕ್ ಗುಡ್ಡದ ಓಣಿಗಳನ್ನು ತಕರಾರಿಲ್ಲದೆ ಹತ್ತುವುದು ವೋಚೋ ಒಂದೇ. ಆಮೆಬೆನ್ನಿನ ಈ ಪುಟ್ಟ ಕಾರಿಗೆ ಇಂಜಿನ್ ಹಿಂದೆ. ನೀರು ಕೇಳುವುದಿಲ್ಲ, ಗಾಳಿ ಸಾಕು. ಹೊಸ ಕಾರುಗಳು ಅರ್ಧ ಗುಡ್ಡದಲ್ಲಿ ಹಬೆಯಾಡುತ್ತ ನಿಂತಾಗ ಇದು ಗೊಣಗುತ್ತ ಪಕ್ಕದಲ್ಲೇ ಹತ್ತಿ ಹೋಗುತ್ತದೆ.

ಓಣಿಯವರು ಗೌರವದಿಂದ ದೋನ್ಯಾ ಎಂದು ಕರೆಯುವ ಓಬ್ದೂಲಿಯಾಳ ವೋಚೋಗೆ ಮೂವತ್ತು ವರ್ಷ ದಾಟಿದೆ. ಬಾಡಿಗೆ ವೋಚೋಗಳ ರೂಢಿಯಂತೆ ಮುಂದಿನ ಪಕ್ಕದ ಸೀಟು ಕಿತ್ತು, ಬಾಗಿಲಿಗೆ ಹಗ್ಗ ಕಟ್ಟಿದೆ. ಜನ ಒಳಗೆ ನುಗ್ಗಿ ಹಿಂದೆ ಕೂತ ಮೇಲೆ, ಓಡಿಸುವವರು ಕೂತಲ್ಲಿಂದಲೇ ಹಗ್ಗ ಎಳೆದು ಬಾಗಿಲು ಹಾಕಬೇಕು.

ಇಪ್ಪತ್ತೆರಡು ವರ್ಷ ಆ ಹಗ್ಗ ಎಳೆದದ್ದು ಅವಳ ಗಂಡ ಫಿದೆನ್ಸಿಯೊ. ಸಕ್ಕರೆ ಕಾಯಿಲೆ ಅವನ ಕಣ್ಣು ತಿಂದಿತು. ಐವತ್ತೇಳರ ವಯಸ್ಸಿನಲ್ಲಿ ಓಬ್ದೂಲಿಯಾ ಕಾರು ಓಡಿಸಲು ಕಲಿತಳು. ಆಯಿಲ್ ಬದಲಿಸುವುದು, ಪ್ಲಗ್ ಉಜ್ಜುವುದು, ಬೆಲ್ಟಿನ ಬಿಗಿ ನೋಡುವುದು, ಎಲ್ಲವನ್ನೂ ಅವನ ಬಾಯಿಂದಲೇ ಕಲಿತಳು. ಅವನು ಮಾತ್ರ ಎರಡು ವರ್ಷದಿಂದ ಆ ಕಾರಿನಲ್ಲಿ ಕೂತಿರಲಿಲ್ಲ. "ನಾನೇನು ಮೂಟೇನಾ, ಹಿಂದೆ ಹಾಕ್ಕೊಂಡು ಹೋಗೋಕೆ?" ಎನ್ನುತ್ತಿದ್ದ. ಅಭಿಮಾನಕ್ಕೆ ಯಾವ ವೈದ್ಯನ ಹತ್ತಿರವೂ ಮದ್ದಿಲ್ಲ.

ಆ ವಾರ ಹೊಗೆ ತಪಾಸಣೆ ಬಂತು. ಪಾಸಾಗದಿದ್ದರೆ ಕಾರು ರಸ್ತೆಗಿಳಿಯುವಂತಿಲ್ಲ. ಶುಕ್ರವಾರ ಬೆಳಗಿನಿಂದ ಆರು ಸಲ ಗುಡ್ಡ ಹತ್ತಿಳಿದ ಓಬ್ದೂಲಿಯಾ, ಮಧ್ಯಾಹ್ನ ಗಂಡ ಮಲಗಿದ್ದಾಗ, ಈ ಸಲ ಯಾರನ್ನೂ ಕೇಳಬಾರದೆಂದು ತಾನೇ ಟ್ಯಾಪೆಟ್, ಅಂದರೆ ಇಂಜಿನ್ನಿನ ಎಂಟು ವಾಲ್ವುಗಳ ಸಂದಿ, ಸೆಟ್ ಮಾಡಿ, ಬೀಗುತ್ತ ತಪಾಸಣೆಗೆ ಹೋದಳು. ಕಾರು ಕೆಮ್ಮಿತು, ಫೇಲಾಯಿತು. ಉಳಿದದ್ದು ಶನಿವಾರ ಒಂದೇ ದಿನ.

ಕಾರಿನ ಸದ್ದಿನಲ್ಲೇ ವಿಷಯ ಹಿಡಿದಿದ್ದ ಫಿದೆನ್ಸಿಯೊ, ಸಪ್ಪೆ ಮುಖದಲ್ಲಿ ಬಂದವಳನ್ನು ಕೇಳಿದ. "ಮುದುಕಿ, ಟ್ಯಾಪೆಟ್ ಮುಟ್ಟಿದಾಗ ಇಂಜಿನ್ ಹೇಗಿತ್ತು?"

"ಹೇಗಿರುತ್ತೆ? ಕೈ ಸುಟ್ಕೊಂಡೆ."

ಅವನು ಹೊಟ್ಟೆ ಹಿಡಿದು ನಕ್ಕ. "ಬಿಸಿ ಇಂಜಿನ್ ಸುಳ್ಳು ಹೇಳುತ್ತೆ ಕಣೇ! ಕಾದಾಗ ಸಂದಿ ಅಳತೆ ಬೇರೆಯಾಗುತ್ತೆ, ರಾತ್ರಿಯಿಡೀ ತಣ್ಣಗಾಗ್ಬೇಕು. ನಾನೂ ಮೊದಲ್ನೇ ಸಲ ಇದೇ ಮಂಗನ ಕೆಲಸ ಮಾಡಿದ್ದೆ."

"ಮೊದಲೇ ಬೊಗಳೋಕೇನಾಗಿತ್ತು?"

"ನೀನು ಕೇಳಿದ್ಯಾ?"

ತಣ್ಣಗಾಗಬೇಕೆಂದರೆ ಬೆಳಗಿನ ಬಾಡಿಗೆ ಇಲ್ಲ. ಈ ಗುಡ್ಡದಲ್ಲಿ ಯಾರಿಗೂ ಇಲ್ಲವೆಂದು ಹೇಳದ ಹೆಂಗಸಿಗೆ ಅದೇ ನುಂಗಲಾರದ ತುತ್ತು. ಶನಿವಾರ ಬೆಳಗ್ಗೆ ಆರಕ್ಕೆ, ಸಂತೆಯಲ್ಲಿ ತಮಾಲೆ ಎಂಬ ಜೋಳದ ಕಡುಬು ಮಾರುವ ದೋನ್ಯಾ ಚೋನಾ ತನ್ನ ಹಂಡೆಯೊಂದಿಗೆ ಬಂದೇಬಿಟ್ಟಳು. ಕಿತ್ತ ಸೀಟಿನ ಜಾಗ ದಿನವೂ ಆ ಹಂಡೆಯದ್ದೇ.

"ಇವತ್ತಾಗಲ್ಲ ಚೋನಾ. ಇಂಜಿನ್ ಬಿಸಿಯಾದ್ರೆ ನನ್ನ ಕಥೆ ಮುಗೀತು."

"ಹಾಗಾದ್ರೆ ಹಂಡೆ ನಿನ್ನ ತಲೆ ಮೇಲೆ ಇಡ್ಲಾ?" ಚೋನಾ ಗದರಿದಳು. ಆಮೇಲೆ ಗೆಳತಿಯ ಮುಖ ನೋಡಿ, ತನ್ನ ಅಳಿಯನನ್ನು ಕೂಗಿ ಹಂಡೆಗೆ ಕೈ ಹಚ್ಚಿಸಿದಳು. ಆಕೆಯೇ ಓಣಿಗೆಲ್ಲ ಸಾರಿದಳು: "ನಡ್ಕೊಂಡು ಇಳೀರಿ, ಇವತ್ತು ವೋಚೋಗೆ ಬಾಣಂತನ!" ಜನ ಬೈದುಕೊಂಡೇ ಇಳಿದರು. ಕಾರನ್ನು ಯಾರೂ ಮುಟ್ಟಲಿಲ್ಲ.

ಓಬ್ದೂಲಿಯಾ ಕಾರಿನ ಕೆಳಗೆ ಮಲಗಿ ಒಂದೊಂದೇ ಸಂದಿಗೆ ತೆಳು ಅಳತೆಪಟ್ಟಿ ತೂರಿಸಿದಳು. ಫಿದೆನ್ಸಿಯೊ ಬಂಪರ್ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ.

"ಹೇಗೆ ಹೋಗ್ತಿದೆ?"

"ಬೆಣ್ಣೇಲಿ ಚಾಕು ಹೋದ ಹಾಗೆ."

"ಹಾಗಾದ್ರೆ ಸಡಿಲ. ಸ್ವಲ್ಪ ಹಿಡೀಬೇಕು, ಆದ್ರೆ ಬಿಡ್ಬೇಕು."

ಎಂಟೂ ಮುಗಿಸಿ ಕಾರು ಚಾಲೂ ಮಾಡಿದಾಗ ಅವನು ತಲೆ ಓರೆ ಮಾಡಿ ಆಲಿಸಿದ. ಆಮೇಲೆ, "ನಾನು ಮಾಡಿದ್ದಕ್ಕಿಂತ ಚೆನ್ನಾಗಿದೆ," ಎಂದ. ಬಾಗಿಲು ತಡವಿ ತಾನೇ ಹಿಂದಿನ ಸೀಟಿಗೆ ಹತ್ತಿದ. "ನಡಿ, ಅಲ್ಲೂ ಹೇಗೆ ಉಸಿರಾಡುತ್ತೆ ಕೇಳ್ಬೇಕು."

ಕಾರು ಪಾಸಾಯಿತು. ಗಾಜಿಗೆ ಚೀಟಿ ಅಂಟಿಸಿದಾಗ ಅವಳು ಅವನ ಬೆರಳನ್ನು ಅದರ ಅಂಚಿನ ಸುತ್ತ ಆಡಿಸಿದಳು.

ಸಂತೆಯ ತಿರುವಿನಲ್ಲಿ ಚೋನಾ ಖಾಲಿ ಹಂಡೆ ಹಿಡಿದು ಕಾದಿದ್ದಳು. ಹಂಡೆಯನ್ನು ಅದರ ಜಾಗದಲ್ಲಿಟ್ಟು ಫಿದೆನ್ಸಿಯೊನ ಪಕ್ಕಕ್ಕೆ ತೂರಿಕೊಂಡಳು. ಫಿದೆನ್ಸಿಯೊನ ಕೈ ಹಳೆಯ ಅಭ್ಯಾಸದಂತೆ ಮುಂದೆ ಚಾಚಿ ಗಾಳಿಯಲ್ಲಿ ಹಗ್ಗ ಹುಡುಕಿತು.

"ಕೈ ತೆಗಿ ಮುದುಕ," ಎಂದಳು ಓಬ್ದೂಲಿಯಾ. "ಅದು ಓಡಿಸೋರ ಕೆಲಸ."

ಅವನು ನಗುತ್ತ ಒರಗಿ ಕೂತ. ಅವಳು ಹಗ್ಗ ಎಳೆದು ಬಾಗಿಲು ಹಾಕಿದಳು.