ಚರ್ಚಿನ ಬಾಗಿಲಲ್ಲಿ ಅತ್ತೆಯ ಚಪ್ಪಲಿ

ನಾವಿರುವ ಕಾಪೆಲ್ ಊರಿನಲ್ಲಿ ನಮ್ಮ ಮತಗಟ್ಟೆ ಇದ್ದದ್ದು ಒಂದು ಚರ್ಚಿನಲ್ಲಿ. ಅಮೆರಿಕದ ಪ್ರಜೆಯಾಗಿ ತಮ್ಮ ಮೊದಲ ವೋಟು ಹಾಕಲು ಬಂದ ನಮ್ಮತ್ತೆ ಬಾಗಿಲಲ್ಲೇ ಚಪ್ಪಲಿ ಬಿಟ್ಟುಬಿಟ್ಟರು!

"ಅತ್ತೆ, ಇಲ್ಲಿ ಯಾರೂ ಬಿಡಲ್ಲ, ಹಾಕ್ಕೊಳ್ಳಿ" ಅಂದೆ.

"ದೇವರ ಮನೆ ಕಣೇ. ಯಾವ ದೇವರಾದ್ರೇನು?"

ಹಿಂದೆ ನಿಂತಿದ್ದ ಬಿಳಿಯ ಅಜ್ಜ ಅತ್ತೆ ಏನಂದರೆಂದು ಕೇಳಿದರು. ಬಡವರ ಆಸ್ಪತ್ರೆ ಖರ್ಚನ್ನು ಸರ್ಕಾರ ಯಾಕೆ ಹೊರಬೇಕೆಂದು ಆಗಷ್ಟೇ ಪಾರ್ಕಿಂಗ್‌ನಲ್ಲಿ ನನ್ನ ಜೊತೆ ಜೋರಾಗಿ ವಾದ ಮಾಡಿದ್ದವರು ಅವರೇ. ಮುಖ ಗಂಟಿಕ್ಕಿಕೊಂಡೇ ಇಂಗ್ಲಿಷಿನಲ್ಲಿ ಹೇಳಿದೆ. ಅಜ್ಜ ಗೋಡೆ ಹಿಡಿದು ಬಗ್ಗಿ, ತಮ್ಮ ಕೌಬಾಯ್ ಬೂಟು ಕಳಚಿಟ್ಟರು! ನಾನೂ ತೆಪ್ಪಗೆ ಚಪ್ಪಲಿ ಬಿಟ್ಟೆ.

ಅಜ್ಜನ ವೋಟು ನನ್ನ ವೋಟನ್ನು ಹೊಡೆದುಹಾಕಿರುತ್ತೆ, ಗೊತ್ತು. ಆದರೂ ವೋಟು ಹಾಕಿ ಬಂದು ಆ ಬೂಟಿನ ಪಕ್ಕದಲ್ಲಿದ್ದ ಚಪ್ಪಲಿ ಮೆಟ್ಟಿಕೊಳ್ಳುವಾಗ, ಎಲೆಕ್ಷನ್ ಗೆದ್ದವಳ ಹಾಗೆ ಅಲ್ಲೇ ಕುಣಿಯಬೇಕು ಅನ್ನಿಸಿತು.